ಅಂಡಮಾನ್‌ನಲ್ಲಿ ಡೈವಿಂಗ್, ದ್ವೀಪ ಸುತ್ತಾಟ: ವಾಪಸ್ ಬರುವ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿ

ಅಂಡಮಾನ್‌ಗೆ ಹೋಗಿ ಡೈವ್ ಮಾಡದೆ ವಾಪಸ್ ಬಂದವರನ್ನು ತುಂಬಾ ಜನ ನೋಡಿದ್ದೇನೆ. ರಜೆ ಹಾಕಿದ್ದರು, ಹಣ ಕಟ್ಟಿದ್ದರು, ಡೈವಿಂಗ್ ನಡೆಯುವ ಹ್ಯಾವ್‌ಲಾಕ್ ದ್ವೀಪದ ದಂಡೆಯವರೆಗೂ ಹೋಗಿದ್ದರು. ನೀರಿಗಿಳಿಯಲು ಮಾತ್ರ ಆಗಲಿಲ್ಲ. ಒಬ್ಬರಿಗೆ ನೆಗಡಿ. ಇನ್ನೊಬ್ಬರಿಗೆ ಮರುದಿನ ಬೆಳಗ್ಗೆಯೇ ವಿಮಾನ. ಮತ್ತೊಬ್ಬರು ಹತ್ತಬೇಕಿದ್ದ ಹಡಗು ರದ್ದಾಯಿತು. ಆರೋಗ್ಯದ ಫಾರಂನಲ್ಲಿ ಆಸ್ತಮಾ ಎಂದು ಬರೆದವರೊಬ್ಬರಿಗೆ, ಡಾಕ್ಟರ ಚೀಟಿ ಇಲ್ಲದೆ ಆಗುವುದಿಲ್ಲ ಎಂದರು.

ನನ್ನ ಮೊದಲ ಪ್ರವಾಸದಲ್ಲೂ ಹೀಗೇ ಆಯಿತು. ಟೂರ್ ಏಜೆಂಟ್ ಒಬ್ಬರು ಸ್ಕೂಬಾವನ್ನು, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಇಳಿಯುವ ಡೈವನ್ನು, ಕೊನೆಯ ದಿನಕ್ಕೆ ಇಟ್ಟಿದ್ದರು. ಡೈವ್ ಅಂಗಡಿಯವರು ನನ್ನ ವಿಮಾನ ಯಾವಾಗ ಎಂದು ಕೇಳಿದರು. ನಾಳೆ ಬೆಳಗ್ಗೆ ಏಳಕ್ಕೆ ಎಂದೆ. ಅವರು ಕೈಮುಗಿದು ವಾಪಸ್ ಕಳಿಸಿದರು. ಅವರು ಮಾಡಿದ್ದೇ ಸರಿ ಎಂದು ಆಮೇಲೆ ಗೊತ್ತಾಯಿತು. ಕಾರಣ ಹಂತ 4ರಲ್ಲಿದೆ.

ಈ ಎಲ್ಲ ಕಥೆಗಳ ಬೇರು ಒಂದೇ. ಮೊದಲು ವಿಮಾನ, ಆಮೇಲೆ ಹೋಟೆಲ್, ಆಮೇಲೆ ಹಡಗು ಬುಕ್ ಮಾಡುತ್ತಾರೆ. ಉಳಿದ ಸಂದಿಯಲ್ಲಿ ಡೈವ್ ತುರುಕುತ್ತಾರೆ. ನೀವು ಡೈವ್ ದಿನವನ್ನು ಮೊದಲು ಗಟ್ಟಿ ಮಾಡಿ. ಉಳಿದದ್ದೆಲ್ಲ ಅದರ ಸುತ್ತ ಕೂರಲಿ.

ಹೆಸರುಗಳ ಗೊಂದಲವನ್ನು ಇಲ್ಲೇ ಮುಗಿಸಿಬಿಡೋಣ. ಹ್ಯಾವ್‌ಲಾಕ್ ಎಂದರೆ ಸ್ವರಾಜ್ ದ್ವೀಪ, ನೀಲ್ ಎಂದರೆ ಶಹೀದ್ ದ್ವೀಪ. ಇವು 2018ರಲ್ಲಿ ಬದಲಾದವು. ಪೋರ್ಟ್ ಬ್ಲೇರ್ 2024ರಿಂದ ಶ್ರೀ ವಿಜಯಪುರಂ. ಟಿಕೆಟ್‌ನಲ್ಲಿ ಹೊಸ ಹೆಸರು ಇರಬಹುದು, ಆಟೋದವರ ಬಾಯಲ್ಲಿ ಹಳೆಯದೇ ಬರಬಹುದು. ಇಲ್ಲಿ ನಾನು ಹಳೆಯದನ್ನೇ ಬಳಸುತ್ತೇನೆ.

## ಹಂತ 1: ತಿಂಗಳು ಆರಿಸಿ

ಡೈವಿಂಗ್‌ಗೆ ಒಳ್ಳೆಯ ಕಾಲ ಜನವರಿಯಿಂದ ಏಪ್ರಿಲ್. ಸಮುದ್ರ ಶಾಂತವಾಗಿರುತ್ತದೆ, ನೀರು ತಿಳಿಯಾಗಿರುತ್ತದೆ. ಮೇ ಮಧ್ಯದ ಹೊತ್ತಿಗೆ ಮುಂಗಾರು ಅಂಡಮಾನ್ ಮುಟ್ಟುತ್ತದೆ, ನಮ್ಮ ಕರಾವಳಿಗಿಂತ ಮೊದಲೇ. ಅಲ್ಲಿಂದ ಸೆಪ್ಟೆಂಬರ್‌ವರೆಗೆ ಅಲೆ ಜಾಸ್ತಿ, ಹಡಗು ರದ್ದಾಗುವುದೂ ಜಾಸ್ತಿ. ನವೆಂಬರ್ ಸಾಮಾನ್ಯವಾಗಿ ಚೆನ್ನಾಗಿರುತ್ತದೆ, ಆದರೆ ಬಂಗಾಳ ಕೊಲ್ಲಿಯ ಚಂಡಮಾರುತಗಳ ತಿಂಗಳೂ ಅದೇ. ಆಗ ಹೋಗುವುದಾದರೆ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ.

ಮೇ ರಜೆಗೆ ಮಕ್ಕಳನ್ನು ಕರೆದುಕೊಂಡು ಹೋಗುವವರು ತಿಂಗಳ ಮೊದಲ ವಾರದೊಳಗೆ ಮುಗಿಸಿಕೊಳ್ಳುವುದು ಒಳ್ಳೆಯದು.

## ಹಂತ 2: ಆರೋಗ್ಯದ ಫಾರಂ ಮನೆಯಲ್ಲೇ ತುಂಬಿ

ಜನ ಅತಿ ಹೆಚ್ಚು ಎಡವುವ ಜಾಗ ಇದು. ಪ್ರತಿ ಡೈವ್ ಅಂಗಡಿಯೂ ನೀರಿಗಿಳಿಸುವ ಮೊದಲು ಆರೋಗ್ಯದ ಪ್ರಶ್ನೆಗಳ ಫಾರಂ ಕೊಡುತ್ತದೆ. ಆಸ್ತಮಾ, ಹೃದಯದ ತೊಂದರೆ, ಫಿಟ್ಸ್, ಶ್ವಾಸಕೋಶದ ಕಾಯಿಲೆ, ಕಿವಿಯ ಆಪರೇಷನ್, ಬಿಪಿ, ಸಕ್ಕರೆ ಕಾಯಿಲೆ ಎಲ್ಲವನ್ನೂ ಕೇಳುತ್ತಾರೆ. ಕೆಲವು ಪ್ರಶ್ನೆಗಳಿಗೆ ಹೌದು ಎಂದರೆ ಡಾಕ್ಟರ ಸಹಿ ಬೇಕೇ ಬೇಕು. ಆ ಸಹಿಯನ್ನು ಹ್ಯಾವ್‌ಲಾಕ್‌ನಲ್ಲಿ ಬೆಳಗ್ಗೆ ಆರೂವರೆಗೆ ಹುಡುಕಲು ಆಗುವುದಿಲ್ಲ.

ಹಾಗಾಗಿ ಹೊರಡುವ ಒಂದು ತಿಂಗಳ ಮೊದಲೇ ಆ ಫಾರಂ ತರಿಸಿಕೊಳ್ಳಿ. ಒಂದೇ ಒಂದು ಹೌದು ಬಂದರೂ ಡಾಕ್ಟರಿಗೆ ತೋರಿಸಿ. ಕಿವಿ ಸೋರಿದ ಇತಿಹಾಸ ಇದ್ದರೆ ಇಎನ್‌ಟಿ ತಜ್ಞರ ಬಳಿಯೇ ಹೋಗಿ. ಗರ್ಭಿಣಿಯರು ಡೈವ್ ಮಾಡುವಂತಿಲ್ಲ, ಇದಕ್ಕೆ ವಿನಾಯಿತಿ ಇಲ್ಲ.

ದಯವಿಟ್ಟು ಸುಳ್ಳು ಬರೆಯಬೇಡಿ. ‘ಎಲ್ಲದಕ್ಕೂ ಇಲ್ಲ ಅಂತ ಹಾಕಿ, ಸುಮ್ನೆ ಫಾರ್ಮಾಲಿಟಿ’ ಎಂದು ಯಾರಾದರೂ ಹೇಳಿದರೆ ಆ ಅಂಗಡಿಯಿಂದ ಎದ್ದು ಬನ್ನಿ. ಮೇಲೆ ಇನ್‌ಹೇಲರ್ ಇದೆ, 10 ಮೀಟರ್ ಕೆಳಗೆ ಇಲ್ಲ. ಅಲ್ಲಿ ಉಸಿರು ಕಟ್ಟಿದರೆ ಮೇಲೆ ಓಡಿ ಬರುವುದೇ ಅಪಾಯ.

ಸಾಮಾನ್ಯ ಪ್ರವಾಸ ವಿಮೆಯಲ್ಲಿ ಎಷ್ಟೋ ಸಲ ಸ್ಕೂಬಾ ಸೇರಿರುವುದಿಲ್ಲ. ಪಾಲಿಸಿ ಕಾಗದದಲ್ಲಿ ಅದು ಇದೆಯೇ ಎಂದು ಓದಿ ನೋಡಿ.

## ಹಂತ 3: ಒಂದು ಡೈವ್ ಸಾಕೋ, ಕೋರ್ಸ್ ಬೇಕೋ?

ಇಲ್ಲಿ ಎರಡು ದಾರಿ ಇದೆ. ಎಷ್ಟು ದಿನ ಬೇಕು ಎಂಬುದನ್ನು ಇದೇ ತೀರ್ಮಾನಿಸುತ್ತದೆ.

ಮೊದಲನೆಯದು ಅನುಭವಕ್ಕಾಗಿ ಮಾಡುವ ಒಂದು ಡೈವ್. ಇದನ್ನು ಡಿಎಸ್‌ಡಿ (ಡಿಸ್ಕವರ್ ಸ್ಕೂಬಾ ಡೈವಿಂಗ್) ಅಥವಾ ಟ್ರೈ ಡೈವ್ ಎನ್ನುತ್ತಾರೆ. ಈಜು ಬರಬೇಕೆಂದಿಲ್ಲ. ಕನಿಷ್ಠ ವಯಸ್ಸು 10. ಆಳ ಹೆಚ್ಚೆಂದರೆ 12 ಮೀಟರ್. ಇನ್‌ಸ್ಟ್ರಕ್ಟರ್ ಉದ್ದಕ್ಕೂ ನಿಮ್ಮನ್ನು ಹಿಡಿದುಕೊಂಡಿರುತ್ತಾರೆ. ಅರ್ಧ ದಿನದಲ್ಲಿ ಮುಗಿಯುತ್ತದೆ.

ಎರಡನೆಯದು ಓಪನ್ ವಾಟರ್ ಕೋರ್ಸ್. ಇದಕ್ಕೆ 3ರಿಂದ 4 ದಿನ ಬೇಕು. ಸಮುದ್ರದಲ್ಲಿ 4 ಡೈವ್ ಮಾಡಬೇಕು. ನಿಲ್ಲದೆ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು. ಪಾಸಾದರೆ ಜೊತೆಗಾರರೊಂದಿಗೆ 18 ಮೀಟರ್‌ವರೆಗೆ ಇಳಿಯಬಹುದು. ಪಾಠದ ಭಾಗವನ್ನು ಆನ್‌ಲೈನ್‌ನಲ್ಲಿ ಊರಲ್ಲೇ ಓದಿ ಮುಗಿಸಿ. ಇಲ್ಲವಾದರೆ ಹ್ಯಾವ್‌ಲಾಕ್‌ನ ಒಂದು ದಿನ ಪುಸ್ತಕದ ಮುಂದೆಯೇ ಕಳೆಯುತ್ತದೆ.

ಡಿಕ್ಸನ್ಸ್ ಪಿನಾಕಲ್, ಜಾನೀಸ್ ಗಾರ್ಜ್‌ನಂಥ ಹೆಸರುವಾಸಿ ತಾಣಗಳು ಆಳದವು. ಮೊದಲ ಸಲದವರನ್ನು ಅಲ್ಲಿಗೆ ಕರೆದೊಯ್ಯುವುದಿಲ್ಲ. ನಿಮಗೆ ಸಿಗುವುದು ನೀಮೋ ರೀಫ್‌ನಂಥ ದಂಡೆಯ ಹತ್ತಿರದ ಜಾಗ. ಅದನ್ನು ಕಡಿಮೆ ಎಂದುಕೊಳ್ಳಬೇಡಿ. ಮೀನು ಅಲ್ಲೂ ಬೇಕಾದಷ್ಟಿವೆ, ಬಿಸಿಲು ತಳದವರೆಗೂ ಇಳಿಯುತ್ತದೆ.

ಆಗುತ್ತದೋ ಇಲ್ಲವೋ ಎಂಬ ಅನುಮಾನ ಇದ್ದವರಿಗೆ ಒಂದು ಸಲಹೆ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪದಲ್ಲೂ ಮಳೆಗಾಲ ಬಿಟ್ಟು ಉಳಿದ ತಿಂಗಳಲ್ಲಿ ಡೈವಿಂಗ್ ನಡೆಯುತ್ತದೆ. ಒಂದು ವಾರಾಂತ್ಯ ಅಲ್ಲಿ ಪ್ರಯತ್ನಿಸಿ ನೋಡಿ. ಕಿವಿ, ಭಯ, ದೋಣಿಯ ವಾಂತಿ ಎಲ್ಲವೂ ಅಲ್ಲೇ ಗೊತ್ತಾಗುತ್ತದೆ.

## ಹಂತ 4: ಕ್ಯಾಲೆಂಡರನ್ನು ಹಿಂದಿನಿಂದ ತುಂಬಿ

ಒಂದು ಕಾಗದ ತೆಗೆದುಕೊಳ್ಳಿ. ಕೊನೆಯ ಸಾಲಿನಲ್ಲಿ ವಾಪಸ್ ವಿಮಾನ ಬರೆಯಿರಿ. ಈಗ ಒಂದೊಂದೇ ದಿನ ಮೇಲಕ್ಕೆ ಬನ್ನಿ.

ಆಳದಲ್ಲಿ ಉಸಿರಾಡಿದಾಗ ಗಾಳಿಯ ನೈಟ್ರೋಜನ್ ದೇಹದಲ್ಲಿ ಕರಗುತ್ತದೆ. ಮೇಲೆ ಬಂದ ಮೇಲೆ ಅದು ನಿಧಾನವಾಗಿ ಹೊರಹೋಗಬೇಕು. ಅಷ್ಟರಲ್ಲಿ ವಿಮಾನ ಹತ್ತಿದರೆ ಒತ್ತಡ ಕಡಿಮೆಯಾಗಿ ದೇಹದೊಳಗೆ ಗುಳ್ಳೆಗಳಾಗುತ್ತವೆ. ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ. ಒಂದೇ ಡೈವ್ ಮಾಡಿದರೆ ಕನಿಷ್ಠ 12 ಗಂಟೆ, ಹಲವು ಡೈವ್ ಮಾಡಿದರೆ ಕನಿಷ್ಠ 18 ಗಂಟೆ ಕಾಯಬೇಕು. ನಾನು ಯಾರಿಗೇ ಹೇಳಿದರೂ 24 ಎಂದೇ ಹೇಳುತ್ತೇನೆ. ಲೆಕ್ಕವೂ ಸುಲಭ, ಎದೆಯೂ ಹಗುರ.

6 ರಾತ್ರಿಯ ಪ್ರವಾಸ ಹೀಗೆ ಕೂರುತ್ತದೆ, ಕೊನೆಯಿಂದ ಓದಿ:

7ನೇ ದಿನ: ಪೋರ್ಟ್ ಬ್ಲೇರ್‌ನಿಂದ ವಿಮಾನ.
6ನೇ ದಿನ: ನೀಲ್‌ನಿಂದ ಪೋರ್ಟ್ ಬ್ಲೇರ್. ರಾತ್ರಿ ಅಲ್ಲೇ.
5ನೇ ದಿನ: ಹ್ಯಾವ್‌ಲಾಕ್‌ನಿಂದ ನೀಲ್.
4ನೇ ದಿನ: ಹ್ಯಾವ್‌ಲಾಕ್‌ನಲ್ಲಿ ಖಾಲಿ ದಿನ.
3ನೇ ದಿನ: ಡೈವ್.
2ನೇ ದಿನ: ಬೆಳಗಿನ ಹಡಗಿನಲ್ಲಿ ಹ್ಯಾವ್‌ಲಾಕ್.
1ನೇ ದಿನ: ಪೋರ್ಟ್ ಬ್ಲೇರ್ ತಲುಪಿ ಸೆಲ್ಯುಲರ್ ಜೈಲು ನೋಡುವುದು.

4ನೇ ದಿನ ಖಾಲಿ ಬಿಟ್ಟಿರುವುದು ಬೇಕೆಂದೇ. 3ನೇ ದಿನ ಗಾಳಿ ಎದ್ದರೆ, ಮೂಗು ಕಟ್ಟಿದರೆ, ಡೈವ್ ಮರುದಿನಕ್ಕೆ ಹೋಗುತ್ತದೆ. ಎಲ್ಲ ಸರಿ ಇದ್ದರೆ ಆ ದಿನ ಎಲಿಫೆಂಟ್ ಬೀಚ್‌ಗೆ ಹೋಗಿ ಸ್ನಾರ್ಕೆಲಿಂಗ್ (ನೀರಿನ ಮೇಲೆ ತೇಲುತ್ತಾ, ಕೊಳವೆಯಲ್ಲಿ ಉಸಿರಾಡುತ್ತಾ ಕೆಳಗೆ ನೋಡುವುದು) ಮಾಡಿ. ಈ ಖಾಲಿ ದಿನವನ್ನು ಏಜೆಂಟರು ಮೊದಲು ಕತ್ತರಿಸುತ್ತಾರೆ. ಬಿಡಬೇಡಿ. ಕೋರ್ಸ್ ಮಾಡುವವರು ಹ್ಯಾವ್‌ಲಾಕ್‌ಗೆ ಇನ್ನೂ 3 ದಿನ ಸೇರಿಸಿ.

ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಲಿ. ನೀಲ್‌ನಿಂದ ಬೆಳಗ್ಗೆ ಹಡಗು ಹತ್ತಿ ಮಧ್ಯಾಹ್ನ ವಿಮಾನ ಹಿಡಿಯುವ ಪ್ಲಾನ್ ಕಾಗದದ ಮೇಲೆ ಚೆಂದ. ಸಮುದ್ರ ಕೆಟ್ಟರೆ ವಿಮಾನವೂ ಹೋಯಿತು, ಹಣವೂ ಹೋಯಿತು.

ಬಾರಾಟಂಗ್ ದ್ವೀಪದ ಗುಹೆಗಳನ್ನು ಈ 7 ದಿನದೊಳಗೆ ಸೇರಿಸಬೇಡಿ. ಬೆಳಗಿನ ಜಾವವೇ ಹೊರಟು ಇಡೀ ದಿನ ಕಳೆಯಬೇಕು. ದಾರಿ ಜಾರವಾ ಬುಡಕಟ್ಟು ಜನರ ಮೀಸಲು ಕಾಡಿನ ಮೂಲಕ ಹೋಗುತ್ತದೆ. ಎಂದಾದರೂ ಹೋದರೆ, ಅಲ್ಲಿ ಗಾಡಿ ನಿಲ್ಲಿಸುವುದು, ಅವರ ಫೋಟೋ ತೆಗೆಯುವುದು ಅಪರಾಧ ಎಂಬುದು ನೆನಪಿರಲಿ.

## ಹಂತ 5: ಈಗ ವಿಮಾನ ಮತ್ತು ಹಡಗು ಬುಕ್ ಮಾಡಿ

ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ನೇರ ವಿಮಾನದಲ್ಲಿ ಸುಮಾರು ಎರಡೂವರೆ ಗಂಟೆಯ ಪ್ರಯಾಣ. ಬಂದ ದಿನವೇ ಹ್ಯಾವ್‌ಲಾಕ್ ಹಡಗು ಹತ್ತುವ ಆಸೆ ಬೇಡ. ವಿಮಾನ ಒಂದು ಗಂಟೆ ತಡವಾದರೂ ಸರಪಳಿ ಕಡಿದು ಹೋಗುತ್ತದೆ.

ಹಡಗಿನಲ್ಲಿ ಎರಡು ಬಗೆ. ಸರ್ಕಾರಿ ಹಡಗು ಅಗ್ಗ, ಎರಡು ಎರಡೂವರೆ ಗಂಟೆ ಹಿಡಿಯುತ್ತದೆ. ಸೀಟು ಬೇಗ ಮುಗಿಯುತ್ತದೆ, ಸ್ಥಳೀಯರು ಓಡಾಡುವುದೇ ಅದರಲ್ಲಿ. ಮಕ್ರೂಜ್, ನಾಟಿಕಾದಂಥ ಖಾಸಗಿ ಹಡಗುಗಳು ಎ.ಸಿ. ಕ್ಯಾಬಿನ್‌ನವು, ಹೆಚ್ಚು ಕಡಿಮೆ ಒಂದೂವರೆ ಗಂಟೆ. ಹ್ಯಾವ್‌ಲಾಕ್‌ನಿಂದ ನೀಲ್‌ಗೆ ಒಂದು ಗಂಟೆಯೊಳಗಿನ ದಾರಿ.

ಒಂದು ತಪ್ಪು ಪದೇ ಪದೇ ಆಗುತ್ತದೆ. ಪೋರ್ಟ್ ಬ್ಲೇರ್‌ನಲ್ಲಿ ಸರ್ಕಾರಿ ಹಡಗು ಹೊರಡುವುದು ಫೀನಿಕ್ಸ್ ಬೇ ಜೆಟ್ಟಿಯಿಂದ, ಖಾಸಗಿ ಹಡಗು ಸಾಮಾನ್ಯವಾಗಿ ಹ್ಯಾಡೋದಿಂದ. ಎರಡೂ ಬೇರೆ ಬೇರೆ ಜಾಗ. ಟಿಕೆಟ್‌ನಲ್ಲಿ ಜೆಟ್ಟಿಯ ಹೆಸರು ಓದಿ ಆಟೋ ಹತ್ತಿ. ಹೊರಡುವ ಒಂದು ಗಂಟೆ ಮೊದಲೇ ಅಲ್ಲಿರಿ. ಬುಕ್ ಮಾಡುವಾಗ ಕೊಟ್ಟ ಗುರುತಿನ ಚೀಟಿಯನ್ನೇ ಕೈಯಲ್ಲಿ ಹಿಡಿದಿರಿ.

ವಾಂತಿಯಾಗುವವರು ಕೆಳಗಿನ ಡೆಕ್‌ನಲ್ಲಿ, ನಡುವಿನ ಸೀಟು ಕೇಳಿ. ಅಲ್ಲಿ ಕುಲುಕಾಟ ಕಡಿಮೆ. ವಾಂತಿ ಮಾತ್ರೆಯಿಂದ ನಿದ್ದೆ ಬರುತ್ತದೆ. ಡೈವ್ ದಿನಕ್ಕೆ ಯಾವುದು ಸರಿ ಎಂದು ಡಾಕ್ಟರ ಬಳಿ ಹೋದಾಗಲೇ ಕೇಳಿಕೊಳ್ಳಿ.

## ಹಂತ 6: ಬ್ಯಾಗಿನಲ್ಲಿ ಏನು?

ಡೈವ್ ಸಾಮಾನೆಲ್ಲ ಅಂಗಡಿಯಲ್ಲೇ ಸಿಗುತ್ತದೆ, ಏನನ್ನೂ ಕೊಳ್ಳಬೇಡಿ. ನೀರು ಬೆಚ್ಚಗೆ, 27ರಿಂದ 30 ಡಿಗ್ರಿ. ತೆಳು ವೆಟ್‌ಸೂಟ್ ಅವರೇ ಕೊಡುತ್ತಾರೆ. ನೀವು ಒಯ್ಯಬೇಕಾದದ್ದು: ಒಳಗೆ ಹಾಕಲು ಮೈಗಂಟುವ ಈಜುಡುಪು, ಉದ್ದ ತೋಳಿನ ಒಂದು ಟೀ ಶರ್ಟ್, ಟವೆಲ್, ದಂಡೆಯ ಕಲ್ಲುಗಳ ಮೇಲೆ ನಡೆಯಲು ರಬ್ಬರ್ ಚಪ್ಪಲಿ, ಒದ್ದೆಯಾಗದ ಚೀಲ.

ಕನ್ನಡಕದವರು ಪವರ್ ಮಾಸ್ಕ್ ಇದೆಯೇ ಎಂದು ಮೊದಲೇ ಕೇಳಿ. ನಂಬರ್ ಹೇಳಿಟ್ಟರೆ ಎತ್ತಿಡುತ್ತಾರೆ. ನಗದು ಜಾಸ್ತಿ ಇರಲಿ. ನೀಲ್‌ನಲ್ಲಿ ನೆಟ್‌ವರ್ಕ್ ಹೋದರೆ ಯುಪಿಐ ಕೂಡ ಹೋಗುತ್ತದೆ. ಎಟಿಎಂ ಬೆರಳೆಣಿಕೆಯಷ್ಟು.

## ಹಂತ 7: ಡೈವ್ ಅಂಗಡಿ ಆರಿಸುವುದು

ದರ ನೋಡಿ ಆರಿಸಬೇಡಿ. ಫೋನ್ ಮಾಡಿ ಇಷ್ಟನ್ನು ಕೇಳಿ. ನನ್ನ ಜೊತೆ ಇಳಿಯುವವರು ಪ್ಯಾಡಿ ಅಥವಾ ಎಸ್‌ಎಸ್‌ಐ (ಡೈವಿಂಗ್ ತರಬೇತಿ ಸಂಸ್ಥೆಗಳು) ಇನ್‌ಸ್ಟ್ರಕ್ಟರ್ ತಾನೇ? ಒಬ್ಬರಿಗೆ ಎಷ್ಟು ಜನ? ಇಳಿಯುವ ಮೊದಲು ಕಡಿಮೆ ನೀರಿನಲ್ಲಿ ಅಭ್ಯಾಸ ಮಾಡಿಸುತ್ತೀರಾ? ದೋಣಿಯಲ್ಲಿ ಆಕ್ಸಿಜನ್ ಕಿಟ್ ಇದೆಯಾ? ಹವಾಮಾನ ಕೆಟ್ಟರೆ ದಿನ ಬದಲಿಸಿಕೊಡುತ್ತೀರಾ? ಏನಾದರೂ ಆದರೆ ನನ್ನನ್ನು ಎಲ್ಲಿಗೆ, ಹೇಗೆ ಸಾಗಿಸುತ್ತೀರಿ?

ಮೊದಲ ಡೈವ್‌ಗೆ ಒಬ್ಬ ಇನ್‌ಸ್ಟ್ರಕ್ಟರ್, ಒಬ್ಬ ಅತಿಥಿ ಎಂದರೆ ಅತ್ಯುತ್ತಮ. ಕೊನೆಯ ಪ್ರಶ್ನೆಗೆ ತಡವರಿಸಿದರೆ ಬೇರೆ ಕಡೆ ನೋಡಿ.

ಬಿಡಬೇಕಾದ ಲಕ್ಷಣಗಳೂ ಇವೆ. ಫಾರಂ ಕೊಡದೆ ನೀರಿಗೆ ಕರೆಯುವುದು. ನಿಮ್ಮ ವಿಮಾನ ಯಾವಾಗ ಎಂದು ಕೇಳದಿರುವುದು. ಹತ್ತು ನಿಮಿಷದ ವಿವರಣೆಯನ್ನು ಎರಡೇ ನಿಮಿಷದಲ್ಲಿ ಮುಗಿಸುವುದು. ಮಾತಿಗಿಂತ ಮೊದಲು ಫೋಟೋ ಪ್ಯಾಕೇಜಿನ ಬೆಲೆ ಹೇಳುವುದು.

## ಹಂತ 8: ಹಿಂದಿನ ರಾತ್ರಿ ಮತ್ತು ಆ ಬೆಳಗ್ಗೆ

ಹಿಂದಿನ ರಾತ್ರಿ ಮದ್ಯ ಬೇಡ. ನೀರು ಚೆನ್ನಾಗಿ ಕುಡಿಯಿರಿ. ಬೇಗ ಮಲಗಿ. ಇಲ್ಲಿ ಡಿಸೆಂಬರಿನಲ್ಲಿ ಸಂಜೆ ಐದರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ, ಬೆಳಕೂ ಬೇಗ ಹರಿಯುತ್ತದೆ. ಡೈವ್ ದೋಣಿಗಳು ಮುಂಜಾನೆಯೇ ಹೊರಡುತ್ತವೆ. ಬೆಳಗ್ಗೆ ಎರಡು ಇಡ್ಲಿ ಅಥವಾ ಬಾಳೆಹಣ್ಣು, ಬ್ರೆಡ್ ಸಾಕು. ಖಾಲಿ ಹೊಟ್ಟೆಯಲ್ಲೂ ವಾಂತಿ ಬರುತ್ತದೆ, ತುಂಬಿದ ಹೊಟ್ಟೆಯಲ್ಲೂ ಬರುತ್ತದೆ.

ಈಗ ಮೂಗು ಪರೀಕ್ಷೆ. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಿ. ಎರಡೂ ಕಿವಿಯಲ್ಲಿ ಟಪ್ ಎಂದು ಬಿಟ್ಟಿತಾ? ಹೋಗಬಹುದು. ಒಂದು ಕಿವಿ ಬಿಡುತ್ತಿಲ್ಲವಾದರೆ ಆ ದಿನ ಇಳಿಯಬೇಡಿ. ನನ್ನ ಅಕ್ಕನ ಮಗ ನೆಗಡಿ ಇದ್ದರೂ ಮೂಗಿಗೆ ಡ್ರಾಪ್ಸ್ ಹಾಕಿಕೊಂಡು ಇಳಿದ. ಇಳಿಯುವಾಗ ಏನೂ ಆಗಲಿಲ್ಲ. ಕೆಳಗಿದ್ದಾಗ ಔಷಧಿಯ ಪ್ರಭಾವ ಇಳಿಯಿತು, ಮೇಲೆ ಬರುವಾಗ ಕಿವಿಯಲ್ಲಿ ಗಾಳಿ ಸಿಕ್ಕಿಕೊಂಡಿತು. ಎರಡು ವಾರ ನೋವು ತಿಂದ. ಇಂಥ ಬೆಳಗ್ಗೆಗೇ ಆ ಖಾಲಿ ದಿನ ಇರುವುದು.

## ಹಂತ 9: ನೀರಿನೊಳಗಿನ 40 ನಿಮಿಷ

ಉಸಿರು. ಬಾಯಲ್ಲಿ ಮಾತ್ರ. ಮೊದಲ ಎರಡು ಮೂರು ನಿಮಿಷ ಎಲ್ಲರಿಗೂ ಗಾಬರಿಯಾಗುತ್ತದೆ, ಗಾಳಿ ಸಾಲದು ಅನ್ನಿಸುತ್ತದೆ. ಗಾಳಿ ಬೇಕಾದಷ್ಟಿದೆ. ಉಸಿರು ಎಳೆಯುವುದರ ಕಡೆಗಲ್ಲ, ಬಿಡುವುದರ ಕಡೆಗೆ ಗಮನ ಕೊಡಿ. ಉದ್ದಕ್ಕೆ, ನಿಧಾನವಾಗಿ ಬಿಡಿ. ಎದೆ ತಾನಾಗಿ ತುಂಬಿಕೊಳ್ಳುತ್ತದೆ. ಯಾವ ಕಾರಣಕ್ಕೂ ಉಸಿರು ಬಿಗಿಹಿಡಿಯಬೇಡಿ. ಮೇಲೆ ಬರುವಾಗ ಶ್ವಾಸಕೋಶದ ಗಾಳಿ ಹಿಗ್ಗುತ್ತದೆ. ಬಿಗಿಹಿಡಿದರೆ ಅದು ಶ್ವಾಸಕೋಶವನ್ನೇ ಹರಿಯಬಹುದು. ಡೈವಿಂಗ್‌ನ ಮೊದಲ ನಿಯಮವೇ ಇದು.

ಕಿವಿ. ನೀರಿನ ಮೇಲ್ಮೈಯಿಂದ 10 ಮೀಟರ್ ಆಳಕ್ಕೆ ಹೋಗುವಷ್ಟರಲ್ಲಿ ಒತ್ತಡ ಎರಡರಷ್ಟಾಗುತ್ತದೆ. ಹಾಗಾಗಿ ಕಿವಿಗೆ ಕಷ್ಟ ಇರುವುದು ಮೇಲಿನ ಕೆಲವೇ ಮೀಟರ್‌ನಲ್ಲಿ. ನೋವು ಬಂದ ಮೇಲೆ ಊದಿದರೆ ತಡವಾಯಿತು. ತಲೆ ನೀರೊಳಗೆ ಹೋದ ಕೂಡಲೇ ಶುರು ಮಾಡಿ, ಪ್ರತಿ ಅರ್ಧ ಮೀಟರ್‌ಗೆ ಒಮ್ಮೆ ಮೆಲ್ಲಗೆ ಊದಿ. ಬಿಡದಿದ್ದರೆ ಜೋರಾಗಿ ಊದಬೇಡಿ. ಕೈಯನ್ನು ಅಲ್ಲಾಡಿಸಿ ಕಿವಿ ತೋರಿಸಿ, ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ಇನ್‌ಸ್ಟ್ರಕ್ಟರ್ ಕಾಯುತ್ತಾರೆ, ಅದು ಅವರ ಕೆಲಸ. ನಾಚಿಕೊಂಡು ನೋವು ನುಂಗಿದವರಿಗೇ ಕಿವಿ ತಮಟೆ ಹರಿಯುವುದು.

ಸನ್ನೆ. ಹೆಬ್ಬೆರಳು ಮೇಲೆತ್ತಿದರೆ ಇಲ್ಲಿ ಚೆನ್ನಾಗಿದೆ ಎಂದಲ್ಲ, ಮೇಲೆ ಹೋಗೋಣ ಎಂದರ್ಥ. ಖುಷಿಯಲ್ಲಿ ಹೆಬ್ಬೆರಳು ತೋರಿಸಿ ಡೈವ್ ಅರ್ಧಕ್ಕೇ ಮುಗಿಸಿಕೊಂಡವರು ತುಂಬಾ ಜನ. ಚೆನ್ನಾಗಿದ್ದೇನೆ ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಿ. ನಿಜವಾಗಿ ಮೇಲೆ ಹೋಗಬೇಕೆನಿಸಿದರೆ ಹೆಬ್ಬೆರಳು ಎತ್ತಿ. ಕಾರಣ ಹೇಳಬೇಕಿಲ್ಲ.

ಮಾಸ್ಕ್. ಒಂದೇ ಎಳೆ ಕೂದಲು ಅಂಚಿನಲ್ಲಿ ಸಿಕ್ಕರೂ ನೀರು ಜಿನುಗುತ್ತದೆ. ಮೀಸೆಯವರಿಗೂ ಇದೇ ತೊಂದರೆ. ನೀರು ಬಂದರೆ ಮಾಸ್ಕ್‌ನ ಮೇಲಂಚು ಒತ್ತಿ ಹಿಡಿದು ಮೂಗಿನಿಂದ ಊದಿ, ಖಾಲಿಯಾಗುತ್ತದೆ. ಇದನ್ನು ಸೊಂಟದ ನೀರಿನಲ್ಲೇ ಮೂರು ನಾಲ್ಕು ಸಲ ಮಾಡಿ ಕಲಿತುಕೊಳ್ಳಿ.

ಕೈ. ಏನನ್ನೂ ಮುಟ್ಟಬೇಡಿ. ಹವಳ ಜೀವಂತ ಪ್ರಾಣಿ. ಬೆರಳ ಉದ್ದ ಬೆಳೆಯಲು ಅದಕ್ಕೆ ವರ್ಷಗಳು ಬೇಕು, ನಿಮ್ಮ ಕಾಲಿಗೆ ಹಾಕಿದ ಫಿನ್‌ನ ಒಂದು ಒದೆತ ಸಾಕು ಮುರಿಯಲು. ಸ್ಕಾರ್ಪಿಯನ್ ಮೀನು ಕಲ್ಲಿನ ಹಾಗೇ ಕೂತಿರುತ್ತದೆ, ಅದರ ಮುಳ್ಳಿನಲ್ಲಿ ವಿಷ ಇದೆ. ಎದೆಯ ಮೇಲೆ ಕೈಕಟ್ಟಿಕೊಂಡು ಹೋಗಿ.

## ಹಂತ 10: ಮೇಲೆ ಬಂದ ಮೇಲೆ

ಮೂಗಿನಿಂದ ಒಂದೆರಡು ಹನಿ ರಕ್ತ ಬಂದರೆ ಹೆದರಬೇಡಿ. ಒತ್ತಡಕ್ಕೆ ಸೂಕ್ಷ್ಮ ರಕ್ತನಾಳ ಒಡೆದಿರುತ್ತದೆ. ಇನ್‌ಸ್ಟ್ರಕ್ಟರ್‌ಗೆ ತಿಳಿಸಿ ಅಷ್ಟೇ.

ಹೆದರಬೇಕಾದವು ಬೇರೆ. ಕೀಲುಗಳಲ್ಲಿ ನೋವು, ಕೈಕಾಲು ಜೋಮು, ತಲೆಸುತ್ತು, ಎದೆನೋವು, ವಿಪರೀತ ಸುಸ್ತು, ಚರ್ಮದ ಮೇಲೆ ಕಲೆ. ಡೈವ್ ಮುಗಿದ ಕೆಲವು ಗಂಟೆಗಳ ನಂತರವೂ ಇವು ಕಾಣಿಸಿಕೊಳ್ಳಬಹುದು. ನಿದ್ದೆ ಮಾಡಿದರೆ ಸರಿಹೋಗುತ್ತದೆ ಎಂದು ಕೋಣೆಯಲ್ಲಿ ಮಲಗಬೇಡಿ. ಕೂಡಲೇ ಡೈವ್ ಅಂಗಡಿಗೆ ಫೋನ್ ಮಾಡಿ, ಆಕ್ಸಿಜನ್ ಕೊಡಲು ಹೇಳಿ, ಡಾಕ್ಟರ ಬಳಿ ಹೋಗಿ. ಅವರು ಸರಿ ಎನ್ನುವವರೆಗೆ ವಿಮಾನ ಹತ್ತಬೇಡಿ.

## ಹಂತ 11: ನೀಲ್, ಮತ್ತು ದಂಡೆಯ ಎಚ್ಚರಗಳು

ನೀಲ್‌ಗೆ ಹೊರಡುವ ಮೊದಲು ಉಬ್ಬರ ಇಳಿತದ ಸಮಯ ನೋಡಿಕೊಳ್ಳಿ. ಲಕ್ಷ್ಮಣಪುರ್ 2ರಲ್ಲಿರುವ ಕಲ್ಲಿನ ಕಮಾನಿನವರೆಗೆ ನಡೆಯಲು ನೀರು ಇಳಿದಿರಬೇಕು. ಭರತ್‌ಪುರ್ ಬೀಚ್‌ನಲ್ಲಿ ಸ್ನಾರ್ಕೆಲಿಂಗ್‌ಗೆ ನೀರು ಏರಿರಬೇಕು. ಎರಡಕ್ಕೂ ಒಂದೇ ಹೊತ್ತಿನಲ್ಲಿ ಹೋದರೆ ಒಂದು ಕೈತಪ್ಪುವುದು ಖಂಡಿತ. ಹೋಟೆಲಿನವರನ್ನು ಕೇಳಿದರೆ ಆ ದಿನದ ಗಂಟೆ ಹೇಳುತ್ತಾರೆ.

ಅಂಡಮಾನ್‌ನಲ್ಲಿ ಉಪ್ಪುನೀರಿನ ಮೊಸಳೆಗಳಿವೆ. ಹ್ಯಾವ್‌ಲಾಕ್‌ನ ರಾಧಾನಗರ್ ಬೀಚ್‌ನ ಪಕ್ಕದ ನೀಲ್ಸ್ ಕೋವ್‌ನಲ್ಲಿ 2010ರಲ್ಲಿ ಸ್ನಾರ್ಕೆಲಿಂಗ್ ಮಾಡುತ್ತಿದ್ದ ಅಮೆರಿಕದ ಮಹಿಳೆಯೊಬ್ಬರು ಮೊಸಳೆಗೆ ಬಲಿಯಾದರು. ಮೊಸಳೆ ಇದೆ ಎಂಬ ಫಲಕ ಕಂಡ ಕಡೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಸಮುದ್ರಕ್ಕೆ ಸೇರುವ ಕಡೆ, ಕತ್ತಲಾದ ಮೇಲೆ ಎಲ್ಲೇ ಆಗಲಿ, ನೀರಿಗಿಳಿಯಬೇಡಿ. ಜೀವರಕ್ಷಕರು ಸೀಟಿ ಊದಿದರೆ ಮೇಲೆ ಬನ್ನಿ.

ದಂಡೆಯಲ್ಲಿ ಸಿಕ್ಕ ಚಿಪ್ಪು, ಸತ್ತ ಹವಳದ ತುಂಡು ಬ್ಯಾಗಿಗೆ ಹಾಕಬೇಡಿ, ಮಕ್ಕಳ ಜೇಬನ್ನೂ ನೋಡಿ. ಹವಳ ಮತ್ತು ಹಲವು ಬಗೆಯ ಚಿಪ್ಪುಗಳಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ವಿಮಾನ ನಿಲ್ದಾಣದಲ್ಲಿ ಸ್ಕ್ಯಾನ್ ಮಾಡುವಾಗ ಸಿಕ್ಕಿಬೀಳುತ್ತದೆ.

ಊರಿಗೆ ಬಂದ ಮೇಲೂ ಕಿವಿ ಮುಚ್ಚಿದಂತಿದ್ದರೆ ಒಂದೆರಡು ದಿನ ನೋಡಿ. ನೋವಿದ್ದರೆ, ಕೀವು ಬಂದರೆ, ಕೇಳುವುದು ಕಡಿಮೆಯಾದರೆ ಅಂದೇ ಇಎನ್‌ಟಿ ಡಾಕ್ಟರ ಬಳಿ ಹೋಗಿ. ಎಷ್ಟು ಆಳಕ್ಕೆ, ಯಾವ ದಿನ ಡೈವ್ ಮಾಡಿದಿರಿ ಎಂಬುದನ್ನು ಅವರು ಕೇಳುವ ಮೊದಲೇ ಹೇಳಿ.